ಎರಡೆಕರೆ ಹನ್ನೆರಡು ಗುಂಟೆ

ಸೇಡಂ ತಹಶೀಲ ಕಚೇರಿಯ ರೆಕಾರ್ಡ್ ರೂಮಿಗೆ
ನನ್ನನ್ನು ಹಾಕಿದ್ದು ಏಪ್ರಿಲ್ ಹದಿನಾರಕ್ಕೆ.
ಕಿಟಕಿ ಒಂದು, ಅದಕ್ಕೆ ಅಡ್ಡ ಬೀರು.
ಒಂದು ಸ್ಕ್ಯಾನರು, ಎರಡು ಕುರ್ಚಿ,
ಕೆಂಪು ಬಟ್ಟೆಯಲ್ಲಿ ಕಟ್ಟಿಟ್ಟ ಗಂಟು ಗಂಟು ಹಳ್ಳಿಗಳು,
ಮತ್ತೆ ಖುರ್ಷಿದ್ ಮೇಡಂ.
ಗಂಡ ತೀರಿದ ವರ್ಷ ಅನುಕಂಪದ ಮೇಲೆ ಬಂದವರು
ಇಪ್ಪತ್ತೆಂಟು ವರ್ಷ ಅದೇ ಕುರ್ಚಿ.

ನಾನು ಫ್ಯಾನ್ ಹಾಕಿದೆ. ಅವರು ಎದ್ದು ಆರಿಸಿದರು.
ಹಾಕಿದೆ. ಆರಿಸಿದರು.
ಹೊರಗೆ ಬಿಸಿಲು ನಲವತ್ಮೂರು,
ವರಾಂಡದ ಶಹಾಬಾದ್ ಕಲ್ಲಿಗೆ ಬರಿಗಾಲಿಟ್ಟರೆ
ಅಂಗಾಲು ಹಂಚಿನ ಮೇಲಿನ ರೊಟ್ಟಿ.

ಮೊದಲ ವಾರ ಹೆಸರು ಹಿಡಿದು ಕರೆಯಲಿಲ್ಲ.
ಜವಾನನ ಕಡೆ ನೋಡಿ, "ಆ ಕಂಪ್ಯೂಟರಗ ಹೇಳು,
ಹಳೇ ಪುಸ್ತಕ ಹಂಗ ಮಡಚಬಾರ್ದಂತ."
ನಾನೂ ಜವಾನನಿಗೇ ಹೇಳಿದೆ,
"ಮೂರು ತಿಂಗಳದಾಗ ಎಲ್ಲಾ ಸ್ಕ್ಯಾನ್ ಆಗ್ತದ,
ಆಮ್ಯಾಲ ಈ ಗಂಟು ಯಾರಿಗೂ ಬ್ಯಾಡಂತ ಹೇಳು."
ಅಂಬ್ರೇಶ ಇಬ್ಬರಿಗೂ ಚಹಾ ತಂದಿಟ್ಟ.
ಯಾರಿಗೂ ಏನೂ ಹೇಳಲಿಲ್ಲ.

ಒಂದು ಉತಾರಿನ ಮೇಲೆ ಇಸವಿ ೧೩೪೪ ಅಂತ ಟೈಪ್ ಮಾಡಿದ್ದೆ.
ಕನ್ನಡಕ ಏರಿಸಿ ನೋಡಿದರು.
ನಗಲಿಲ್ಲ. ತಹಶೀಲ್ದಾರರಿಗೂ ತೋರಿಸಲಿಲ್ಲ.
ಪೆನ್ಸಿಲ್ಲಿನಿಂದ, ಒತ್ತದೆ, ಅಂಚಿನಲ್ಲಿ ಬರೆದರು:
ಇದು ಫಸಲಿ. ೫೯೦ ಕೂಡಿಸು.
ಆರುನೂರು ವರ್ಷ ಹಿಂದೆ ಹೋಗಿ ನಿಂತಿದ್ದ ಒಬ್ಬ ರೈತ
ತನ್ನ ಹೊಲಕ್ಕೆ ವಾಪಸ್ ಬಂದ.

ಆದರೂ ಫ್ಯಾನ್ ಫ್ಯಾನೇ.
ಅವರು ಊಟದ ಡಬ್ಬಿ ತೊಳೆಯಲು ಎದ್ದದ್ದೇ ತಡ
ಐದರ ಮೇಲೆ ತಿರುಗಿಸಿದೆ.
ಅಂಗಿ ಬೆನ್ನು ಬಿಟ್ಟಿತು. ಕಣ್ಣು ಮುಚ್ಚಿದೆ.
ಹಪ್ಪಳ ಮುರಿದ ಸದ್ದು.
ತೆರೆದು ನೋಡಿದರೆ ಪುಟ ಎಂಬತ್ತೊಂದು
ಬೀರಿನ ಕೆಳಗೆ, ಸ್ಕ್ಯಾನರಿನ ಬೆನ್ನಿಗೆ, ನನ್ನ ಚಹಾದೊಳಗೆ.

ಬಾಗಿಲಲ್ಲಿ ನಿಂತು ಕೈ ಸೆರಗಿಗೆ ಒರೆಸಿಕೊಳ್ಳುತ್ತ
"ಯಾ ಅಲ್ಲಾ," ಅಂದರು, ಜೋರಾಗಿ ಅಲ್ಲ.
"ಎರಡೆಕರೆ ಹನ್ನೆರಡು ಗುಂಟಿ
ಗಾಳಿಗೆ ಹಾರ್ಯಾವ ನೋಡು, ರೇವಣಸಿದ್ಧ."

ನನ್ನ ಹೆಸರು ಅವರಿಗೆ ಗೊತ್ತಿತ್ತು.

ಆ ಮಧ್ಯಾಹ್ನ ಇಬ್ಬರೂ ಸೇರಿ ಹೊಲ ಆರಿಸಿದೆವು.
ನನಗೆ ಬಗ್ಗಲು ಬರುತ್ತದೆ, ಓದಲು ಬಾರದು.
ಅವರಿಗೆ ಓದಲು ಬರುತ್ತದೆ, ಮೊಣಕಾಲು ಬಗ್ಗದು.
ನಾನು ಚೂರು ಎತ್ತಿ ಕೊಡುವುದು,
ಅವರು ಉರ್ದುವಿನ ಬಾಲ ಹಿಡಿದು ಹೇಳುವುದು:
"ಇದು ಹುಣಸಿಗಿಡ. ಇದು ನಾಲಾ.
ಇದು ಬಾಳವ್ವನ ಹೆಸರಿನ ಅರ್ಧ, ಉಳಿದರ್ಧ ಹುಡುಕು."
"ಬಾಳವ್ವ ಯಾರ್ರೀ?"
"ನನಗೇನ್ ಗೊತ್ತು. ಆದ್ರ ಆಕಿ ಮೊಮ್ಮಗಳು
ಒಂದಿನ ಬಂದೇ ಬರ್ತಾಳ, ನಕಲು ಕೇಳ್ಲಾಕ."
ಮೈತುತ್ತ ಬೆರೆಸಿದ ಮೈದಾ ಅಂಟು,
ಎಲೆಯಿಂದ ಹೋಳಿಗೆ ಬಿಡಿಸುವಷ್ಟು ಹಗುರ ಬೆರಳು.

ಐದೂವರೆಗೆ ಲೆಕ್ಕ ಹಾಕಿದರು. ಎರಡೆಕರೆ ಹತ್ತು ಗುಂಟಿ.
ನನ್ನ ಕಪ್ಪಿನ ಕಡೆ ನೋಡಿ,
"ಎರಡು ಗುಂಟಿ ನೀ ಕುಡದಿ,"
ಅಂದು, ಅವತ್ತು ನಕ್ಕರು.

ಮರುದಿನ ಡಬ್ಬಿಯ ಚೀಲ ಭಾರ ಕಂಡು ಇಸಿದುಕೊಂಡೆ.
ಒಳಗೆ ಊಟದ ಪಕ್ಕ ಏಳು ತುಂಡು ಕಲ್ಲು,
ಅಂಗೈಯಗಲ, ಅಂಚು ಉಜ್ಜಿ ನಯ ಮಾಡಿದ್ದು.
ಪುಟಗಳ ಮೇಲೆ ಒಂದೊಂದೇ ಇಟ್ಟು ಕೂತು
"ಈಗ ಹಾಕು," ಅಂದರು. "ಒಂದರ ಮ್ಯಾಲೆ."

ಅವರ ಪಾಸ್‌ವರ್ಡು ನನ್ನ ತಲೆಯಲ್ಲಿರುತ್ತದೆ,
ನನ್ನ ಇಸವಿಗಳು ಅವರ ತಲೆಯಲ್ಲಿ.
ಜಗಳ ಮುಗಿದಿಲ್ಲ.
ಎರಡರ ಮೇಲೆ ಹಾಕಿದರೆ ಕೆಮ್ಮುತ್ತಾರೆ,
ಖರೇ ಕೆಮ್ಮಲ್ಲ ಅದು.
ಸಾಬಮ್ಮ ಪೊರಕೆ ಹಿಡಿದು ಬಂದರೆ
ಇಬ್ಬರೂ ಒಟ್ಟಿಗೆ "ತಡಿ" ಅನ್ನುತ್ತೇವೆ,
ಎದ್ದು ಹೋಗಿ ಅವಳ ಮೊರದೊಳಗೆ ಇಣುಕುತ್ತೇವೆ.
ಎರಡು ಗುಂಟಿ ಎಲ್ಲಿಗಿ ಹೋಗ್ತದ.